ಚೀಟಿ ಸರಿಯಾಗಿತ್ತು

ಮನೆಯಿಂದ,
ಮಂಗಳವಾರ, ಹನ್ನೆರಡನೇ ತಾರೀಖು

ನನ್ನ ಪುಟ್ಟಿಗೆ,

ಹೊಟ್ಟೆನೋವು ಕಡಿಮೆಯಾಯಿತೇ? ಆ ಮಕ್ಕಳ ಗೃಹದಲ್ಲಿ ಹೊದಿಕೆ ಸಾಕಾಗುತ್ತದೆಯೇ? ನಿನ್ನೆ ಲಾಂಡ್ರಿಯಲ್ಲಿ ಕೂತಲ್ಲೇ ಕಣ್ಣು ಹತ್ತಿ ಕೆಟ್ಟ ಕನಸು ಬಿತ್ತು. ನೀನು ಚೀಟಿ ಹಿಡಿದು ನಿಂತಿದ್ದೆ. ನಾನು ಯಾರದೋ ಅಂಗಿ ತಂದು, ಇದೇ ನಿನ್ನದು, ಹಾಕಿಕೋ ಎಂದು ಗದರುತ್ತಿದ್ದೆ. ಬೆಚ್ಚಿ ಎದ್ದೆ. "ಅಕ್ಕಾ, ಹಾಸಿಗೆ ತಂದು ಹಾಸ್ಲಾ?" ಎಂದು ಇಸ್ತ್ರಿಯವನು ನಕ್ಕ. ನಗಲಿ ಬಿಡು.

ಶನಿವಾರ ನಿನ್ನ ವಕೀಲಮ್ಮನನ್ನು ನೋಡಲು ಹೋಗಿದ್ದೆ. ನೀನು ಮಾದಕ ಮಾತ್ರೆ ನುಂಗಿದ್ದೀಯ ಎನ್ನುವ ಮೂತ್ರಪರೀಕ್ಷೆಯ ಕಾಗದವನ್ನು ಬಿಡಿಸಿ ತೋರಿಸಿದರು. ಎಲ್ಲ ಇಂಗ್ಲಿಷಿನಲ್ಲಿತ್ತು, ನನಗೆ ಓದಲು ಬಂದದ್ದು ನಿನ್ನ ಹೆಸರು ಮಾತ್ರ. "ಯಂತ್ರ ತಪ್ಪು ಮಾಡಿರಲಿಕ್ಕಿಲ್ಲಮ್ಮಾ. ಅದರೊಳಗೆ ಯಾರ ಬಾಟಲಿ ಹೋಯ್ತು ಅನ್ನೋದೇ ನನ್ನ ಪ್ರಶ್ನೆ" ಎಂದರು. ಅಂದು ನಿಮ್ಮ ಶಾಲೆಯಿಂದ ನಾಲ್ಕು ಹುಡುಗಿಯರನ್ನು ಪರೀಕ್ಷೆಗೆ ಕರೆದೊಯ್ದಿದ್ದರಲ್ಲ, ನಾಲ್ಕು ಬಾಟಲಿಯೂ ಒಂದೇ ಟ್ರೇಯಲ್ಲಿ ಇದ್ದವಂತೆ. ಶುಕ್ರವಾರ ಮಕ್ಕಳ ಕೋರ್ಟಿನಲ್ಲಿ ಅಂದು ಬಾಟಲಿ ತೆಗೆದುಕೊಂಡ ನರ್ಸನ್ನು ಕರೆಸಿ ಕೇಳುತ್ತಾರಂತೆ. ಆ ವಾದವೂ ಬಿದ್ದುಹೋದರೆ ಇನ್ನೊಂದು ವರ್ಷ ನೀನು ಅಲ್ಲೇ.

ಇದನ್ನು ಕೇಳಿದಾಗ ಲಾಂಡ್ರಿಯ ಹಳೆಯ ಮಾತೊಂದು ನೆನಪಾಯಿತು. ಒಮ್ಮೆ ನಮ್ಮಲ್ಲಿ ನಾಲ್ಕು ಬಿಳಿ ಅಂಗಿಗಳ ಗುರುತಿನ ಚೀಟಿ ನೀರಿನಲ್ಲಿ ಬಿಚ್ಚಿಹೋಗಿ, ನಾನೇ ಅಂದಾಜಿನ ಮೇಲೆ ಪಿನ್ನು ಹಾಕಿದ್ದೆ. ಗಿರಾಕಿ ಬಂದು ಜಗಳಕ್ಕೆ ನಿಂತರೆ, ಚೀಟಿ ನೋಡಿ ಸ್ವಾಮಿ ಎಂದು ನಾನೇ ಜೋರು ಮಾಡಿದೆ. ಚೀಟಿ ಸರಿಯಾಗಿತ್ತು, ಅಂಗಿ ಬೇರೆಯವರದು. ಇಷ್ಟು ಗೊತ್ತಿದ್ದವಳು ನಿನ್ನ ಮುಖ ನೋಡದೆ, "ಕಾಗದ ಸುಳ್ಳು ಹೇಳುತ್ತದೇನೇ?" ಎಂದುಬಿಟ್ಟೆನಲ್ಲ. ಅಂದಿನಿಂದ ನೀನು ನನ್ನೊಡನೆ ನೆಟ್ಟಗೆ ಮಾತಾಡಿಲ್ಲ. ಈಗಲೂ ಕೈ ಸುಮ್ಮನೆ ಎರಡು ತಟ್ಟೆ ಇಡುತ್ತದೆ. ಒಂದನ್ನು ಒರೆಸಿ ಒಳಗಿಡುತ್ತೇನೆ. ಈ ಮನೆಯಲ್ಲಿ ನಲ್ಲಿಯ ಸದ್ದು ಇಷ್ಟು ಜೋರೆಂದು ಗೊತ್ತೇ ಇರಲಿಲ್ಲ.

ಹೊಟ್ಟೆ ತುಂಬಾ ತಿನ್ನು. ಅಲ್ಲಿಯ ವಾರ್ಡನ್ ಅಮ್ಮನಿಗೆ ನಾನು ಕೇಳಿದೆನೆಂದು ಹೇಳು. ಎಲ್ಲಿದ್ದರೂ ನಿನಗೆ ಒಳ್ಳೆಯದಾಗಲಿ.

ನಿನ್ನ ಅಮ್ಮ

ಅಂಚೆ ಡಬ್ಬಿ ತೆಗೆಯುವ ಹೊತ್ತಾಯಿತು, ಇದೊಂದು ಬರೆಯಲೇಬೇಕು. ನೀನು ಬಾಟಲಿ ಕೊಟ್ಟಾಗಲೇ ಅದರ ಮೇಲೆ ಹೆಸರು ಅಂಟಿಸಿದ್ದರೋ, ಇಲ್ಲ ನಾಲ್ಕನ್ನೂ ಟ್ರೇಯಲ್ಲಿಟ್ಟ ಮೇಲೆ ಅಂಟಿಸಿದರೋ? ಆಮೇಲೆ ಎಂದು ವಕೀಲಮ್ಮನಿಗೆ ಹೇಳಿದ್ದೀಯಂತೆ. ಕಣ್ಣು ಮುಚ್ಚಿ ಇನ್ನೊಂದು ಸಲ ನೆನೆಸಿಕೊಂಡು ಶುಕ್ರವಾರದೊಳಗೆ ಬರೆ. ನನಗೆ ಬೇಕಾದ ಹಾಗೆ ಬೇಡ, ಇದ್ದ ಹಾಗೆ ಬರೆ. ಈ ಸಲ ನೀನು ಹೇಳಿದ್ದನ್ನೇ ನಂಬುತ್ತೇನೆ.