ಹೊರಗೆ ಹೋಗದವಳು

ಮಾರ್ಚ್ 3, ಭಾನುವಾರ

ಇವತ್ತೂ ಪೌರತ್ವದ ಇಂಟರ್‌ವ್ಯೂಗೆ ಪಾಠ. ಇವರು ಸೋಫಾದಲ್ಲಿ, ನಾನು ಬಟ್ಟೆ ಗುಡ್ಡೆಯ ಮುಂದೆ. ವಾರವೆಲ್ಲ ಆಸ್ಪತ್ರೆಯ ಲಾಂಡ್ರಿಯಲ್ಲಿ ಕಂಡವರ ಬೆಡ್‌ಶೀಟ್ ಮಡಚುವುದು, ಭಾನುವಾರ ಮನೆಯವರದು. ಇವರು ಆಫೀಸರ್ ಥರ ಗಂಟಲು ದಪ್ಪ ಮಾಡಿಕೊಂಡು ಕೇಳುತ್ತಾರೆ. ಸಂಸತ್ತಿಗೆ ಎಷ್ಟು ಸದನ? ತಪ್ಪಿದರೆ ಹಣೆ ಚಚ್ಚಿಕೊಳ್ಳುತ್ತಾರೆ. ಇವರು ನನಗಿಂತ ಮೊದಲು ಬಂದವರು, ಹೋದ ವರ್ಷವೇ ಪೌರತ್ವ ಸಿಕ್ಕಿತು. ಅಂದಿನಿಂದ ದೇಶ ಇವರಪ್ಪನ ಆಸ್ತಿ.

"ಮಧ್ಯೆ ಎಲ್ಲಾದ್ರೂ ದೇಶ ಬಿಟ್ಟು ಹೊರಗೆ ಹೋಗಿದ್ರಾ ಅಂತ ಕೇಳಿದ್ರೆ?"

"ಇಲ್ಲ."

"ಜೋರಾಗಿ ಹೇಳೇ. ಅದೇ ನಿನ್ನ ಪ್ಲಸ್ ಪಾಯಿಂಟು."

ಅಮ್ಮ ಸತ್ತಾಗ ಹೋಗದೆ ಉಳಿದದ್ದು ಪ್ಲಸ್ ಪಾಯಿಂಟು! ಶೀಟಿನ ತುದಿಗೆ ತುದಿ ಕೂಡಿಸಿದೆ.

ಮಾರ್ಚ್ 9

ಅಣ್ಣನಿಗೆ ಮೆಸೇಜ್ ಹಾಕಿದೆ — ಹನ್ನೆರಡನೇ ತಾರೀಖು ಇಂಟರ್‌ವ್ಯೂ ಅಂತ. ನೋಡಿದ್ದಾನೆ. ಉತ್ತರ ಇಲ್ಲ. ಅಮ್ಮ ಹೋಗಿ ಒಂದೂವರೆ ವರ್ಷ. ಅವನು ನನ್ನ ಜೊತೆ ಮಾತು ಬಿಟ್ಟೂ ಅಷ್ಟೇ.

"ಅವಳು ಯಾವಾಗ ಬರ್ತಾಳೆ" ಅಂತ ಹಾಸಿಗೆ ಹಿಡಿದಿದ್ದ ಅಮ್ಮ ಕೇಳುತ್ತಲೇ ಇದ್ದಳಂತೆ. ನಾನು ಸೂಟ್‌ಕೇಸ್ ಕೆಳಗಿಳಿಸಿದ್ದೆ. ಇವರು ಕಾನೂನು ಮಾವನನ್ನು ಕೇಳಿಕೊಂಡು ಬರುತ್ತೇನೆ ಅಂತ ಹೋದರು. ಯಾರಿಗೂ ಮಾವ ಅಲ್ಲ, ವಕೀಲರಂತೂ ಅಲ್ಲವೇ ಅಲ್ಲ. ಪಾರ್ಕಿಂಗ್ ಗೇಟ್ ಕಾಯುತ್ತಾರೆ, ನಮ್ಮವರಿಗೆಲ್ಲ ಅರ್ಜಿ ತುಂಬಿಕೊಡುತ್ತಾರೆ. "ಒಂದ್ಸಲ ಹೊರಗೆ ಕಾಲಿಟ್ರೆ ಪೌರತ್ವಕ್ಕೆ ಬೇಕಾದ ವಾಸದ ಲೆಕ್ಕ ಮತ್ತೆ ಮೊದಲಿಂದ ಶುರುವಂತೆ. ಮಾವ ಹೇಳಿದ್ರು" ಅಂದರು ಇವರು. ಸೂಟ್‌ಕೇಸ್ ಇವರೇ ಮೇಲಿಟ್ಟರು. ಅಣ್ಣನಿಗೆ ನಾನು ಹೇಳಿದ್ದು ಒಂದೇ ಮಾತು, ಇಲ್ಲಿನ ಕಾನೂನು ಬಿಡುತ್ತಿಲ್ಲ ಅಂತ. ಅಂತ್ಯಕ್ರಿಯೆ ಫೋನಿನಲ್ಲಿ ನೋಡಿದೆ. ಅರ್ಧದಲ್ಲೇ ನೆಟ್‌ವರ್ಕ್ ಹೋಯಿತು.

ಮಾರ್ಚ್ 12, ಮಧ್ಯಾಹ್ನ

ಪಾಸ್.

ಸದನ ಎಷ್ಟು ಅಂತ ಕೇಳಲೇ ಇಲ್ಲ. ಆಫೀಸರಮ್ಮನಿಗೆ ಜೋರು ನೆಗಡಿ. ಪಾಸ್‌ಪೋರ್ಟ್ ತಿರುವಿದಳು, ಬಂದ ದಿನದ ಮುದ್ರೆ ಬಿಟ್ಟರೆ ಹಾಳೆಗಳೆಲ್ಲ ಖಾಲಿ. "ಇಷ್ಟು ವರ್ಷದಲ್ಲಿ ಒಮ್ಮೆನೂ ಊರಿಗೆ ಹೋಗಿಲ್ವಾ?" ನಾನು, ಹೇಳಿಕೊಟ್ಟ ಹಾಗೆ, ಜೋರಾಗಿ — ಇಲ್ಲ. ಕನ್ನಡಕದ ಮೇಲಿಂದ ನೋಡಿದಳು. "ಅಲ್ಲಿ ಯಾರೂ ಇಲ್ವಾ?"

"ತಾಯಿ ಇದ್ರು. ತೀರಿಕೊಂಡ್ರು. ಲೆಕ್ಕ ತಪ್ಪುತ್ತೆ ಅಂತ ಹೋಗ್ಲಿಲ್ಲ."

ಮೂಗು ಒರೆಸುತ್ತಿದ್ದವಳು ನಿಲ್ಲಿಸಿದಳು. "ಯಾರು ಹೇಳಿದ್ದು? ಒಂದೆರಡು ತಿಂಗಳಿಗೆಲ್ಲ ಏನೂ ಆಗ್ತಿರ್ಲಿಲ್ಲ. ನೀವು ಹೋಗಬಹುದಿತ್ತು."

ಕನಿಕರದಿಂದಲೇ ಹೇಳಿದಳು, ಪಾಪ. ಟಿಶ್ಯೂ ಡಬ್ಬ ನನ್ನ ಕಡೆ ತಳ್ಳಿದಳು. ಮುಟ್ಟಲಿಲ್ಲ. ಸಹಿ ಎಲ್ಲಿ ಹಾಕಬೇಕು ಅಂತ ಕೇಳಿದೆ.

ಹೊರಗೆ ಇವರು, ಕೈಯಲ್ಲಿ ಹೂಗುಚ್ಛ, ಬೆಲೆಯ ಚೀಟಿ ಸಮೇತ. "ಹೇಳಿದ್ನಲ್ಲ, ಕ್ಲೀನ್ ರೆಕಾರ್ಡು!" ನಾನು ಮನಸ್ಸಿನಲ್ಲಿ ಕಾನೂನು ಮಾವನ ಜನ್ಮ ಜಾಲಾಡುತ್ತಿದ್ದೆ.

ಮಾರ್ಚ್ 13

ಡ್ಯೂಟಿ ಮುಗಿಸಿ ನೇರ ಪಾರ್ಕಿಂಗ್‌ಗೆ, ಯೂನಿಫಾರ್ಮಿನಲ್ಲೇ. ಮಾವನದು ಗೂಡಿನಂಥ ಕೋಣೆ... ಒಂದು ಹೀಟರ್, ಒಂದು ಕುರ್ಚಿ. ನನ್ನ ಕಂಡು ಎದ್ದು ಕುರ್ಚಿ ಬಿಟ್ಟುಕೊಟ್ಟರು. ಕೂರಲಿಲ್ಲ.

"ಏನ್ ಮಾವ, ಅರೆಬರೆ ತಿಳ್ಕೊಂಡು ನನಗೆ ಅಮ್ಮನ ಮುಖ ನೋಡೋಕೂ ಇಲ್ಲದ ಹಾಗೆ ಮಾಡಿಬಿಟ್ರಲ್ಲ!"

"ನಾನಾ? ಅಯ್ಯೋ ಇಲ್ಲಮ್ಮ. ನನಗೆ ಸರಿಯಾಗಿ ಗೊತ್ತಿಲ್ಲ, ವಕೀಲರನ್ನ ಕೇಳೋಣ ಅಂದೆ. ಇಲ್ಲೇ ನಿಂತು ಇಬ್ರೂ ಫೋನ್ ಮಾಡಿದ್ವಿ. ಧಾರಾಳವಾಗಿ ಹೋಗಿ ಬರ್ಲಿ ಅಂದ್ರು ಅವರು. ನಿನ್ನ ಯಜಮಾನ್ರು ಥ್ಯಾಂಕ್ಸ್ ಹೇಳಿ ಹೋದ್ರು."

ಗೇಟಿನಲ್ಲಿ ಕಾರೊಂದು ಹಾರ್ನ್ ಹೊಡೆಯುತ್ತಲೇ ಇತ್ತು.

"ನೀನು ಹೋಗ್ಲೇ ಇಲ್ವೇನಮ್ಮ?"

ಮಾರ್ಚ್ 14

ಇವರನ್ನೇ ಕೇಳಿದೆ. ಟಿವಿ ಆರಿಸಲಿಲ್ಲ, ವಾಲ್ಯೂಮ್ ಕಡಿಮೆ ಮಾಡಿದರು.

"ರೂಲ್ಸು ಇವತ್ತೊಂದು, ನಾಳೆ ಒಂದು. ನಿನ್ನ ಪೌರತ್ವ ಕೈತಪ್ಪಿದ್ರೆ? ರಿಸ್ಕ್ ಯಾಕೆ ಅಂತ..."

"ವಕೀಲರು ಅಂದಿದ್ದು ನನಗೆ ಹೇಳಬಹುದಿತ್ತಲ್ಲ?"

"ಹೇಳಿದ್ರೆ ನೀನು ಹೋಗಿಬಿಡ್ತಿದ್ದೆ."

ನಿಜ. ಹೋಗಿಬಿಡುತ್ತಿದ್ದೆ. ವಕೀಲರಿಗೆ ಫೋನ್ ಮಾಡಿದ ಮೇಲೂ ಅಮ್ಮ ಒಂಬತ್ತು ದಿನ ಇದ್ದಳು. "ನಮ್ಮ ಒಳ್ಳೇದಕ್ಕೇ ತಾನೆ" ಅಂದರು ಇವರು. ಸಿಟ್ಟು ಬಂತು ಅಂತ ಬರೆದರೆ ಸಾಲದು. ಇಷ್ಟು ವರ್ಷ ಜೊತೆಗೆ ಉಂಡ ಮನುಷ್ಯನ ಮುಖ ನೋಡಲು ಹೇಸಿಗೆಯಾಯಿತು.

ಏಪ್ರಿಲ್ 2

ಬರೆಯಲು ಮನಸ್ಸಿರಲಿಲ್ಲ. ಅಡುಗೆ ಮಾಡಿಡುತ್ತೇನೆ, ಮಾತಾಡುವುದಿಲ್ಲ. ಇವತ್ತು ಇವರೇ ಶುರು ಮಾಡಿದರು. "ನಿಮ್ಮಣ್ಣನಿಗೆ ಮಾತ್ರ ಹೇಳಬೇಡ. ಅವರ ಮುಂದೆ ನನ್ನ ಮಾನ ತೆಗೀಬೇಡ."

ಮಾನ ಇರುವುದು ಇವರೊಬ್ಬರಿಗೇ. ನಾನು ಇಷ್ಟು ದಿನ ಕಲ್ಲೆದೆಯವಳು ಅನ್ನಿಸಿಕೊಂಡದ್ದಕ್ಕೆ ಲೆಕ್ಕವೇ ಇಲ್ಲ.

ಏಪ್ರಿಲ್ 19, ಸಂಜೆ

ಪ್ರಮಾಣವಚನ ಆಯಿತು. ಬಲಗೈ ಎತ್ತಿ ಎಲ್ಲರ ಜೊತೆ ಹೇಳಿದೆ. ಪಕ್ಕದವಳು ಅತ್ತಳು. ನನಗೆ ಚಪ್ಪಲಿ ಕಚ್ಚುತ್ತಿತ್ತು, ಅಷ್ಟೇ. ಹಾಲ್‌ನಿಂದಲೇ ಅಣ್ಣನಿಗೆ ಮೆಸೇಜ್ ಹಾಕಿದೆ, ಅಭ್ಯಾಸಬಲ.

ಮನೆಗೆ ಬಂದು ಕೂರುವಷ್ಟರಲ್ಲಿ ಫೋನ್. ಅಣ್ಣ!

"ಆಯ್ತೇನೇ?" ಅಂದ. "ಇನ್ನಾದ್ರೂ ಬಾ. ನಾನೂ ತುಂಬ ಹಠ ಮಾಡ್ಬಿಟ್ಟೆ. ನೀನಾದ್ರೂ ಏನ್ ಮಾಡ್ತೀಯ, ಪಾಪ. ಆಗ ಕಾನೂನು ಬಿಡ್ಲಿಲ್ಲ, ಅಲ್ವಾ?"

ಇವರು ಎದುರಿಗೇ, ಕಾಫಿ ಲೋಟ ಬಾಯಿಯ ಹತ್ತಿರ. ಬೇಡ, ಬೇಡ ಅಂತ ತಲೆ ಅಲ್ಲಾಡಿಸಿದರು.

"ಹಲೋ... ಇದ್ದೀಯೇನೇ?"

ಸ್ಪೀಕರ್ ಹಾಕಿ ಫೋನನ್ನು ಇವರ ಮುಂದೆ ಇಟ್ಟೆ. "ಆ ಕಾನೂನು ಇಲ್ಲೇ ಕೂತಿದೆ, ಅಣ್ಣ. ನೀನೇ ಕೇಳು" ಅಂದೆ.

ಇವರು ಲೋಟ ಕೆಳಗಿಟ್ಟರು. ಒಮ್ಮೆ ನನ್ನ ನೋಡಿದರು. ಆಮೇಲೆ ಫೋನಿನ ಕಡೆ ಬಗ್ಗಿ, "ವಕೀಲರು ಹೋಗಿ ಬರ್ಲಿ ಅಂದಿದ್ರು. ನಾನೇ ಇವಳಿಗೆ ಹೇಳ್ಲಿಲ್ಲ" ಅಂದರು.