ಎರಡೇ ತಿಂಗಳು

ಅಂಗಡಿಯಿಂದ,
ಮಾರ್ಚ್ ೧೧, ಮಧ್ಯಾಹ್ನ

ಪ್ರೀತಿಯ ಇವಳೇ,

ಮಾವನವರು ಈಗ ದಿಂಬಿಗೊರಗಿ ಕೂರುತ್ತಾರೆಯೇ? ಅವರನ್ನು ಎತ್ತಿ ಕೂರಿಸಿ ನಿನ್ನ ಸೊಂಟ ಹಿಡಿದುಕೊಂಡಿರುತ್ತದೆ, ಬಿಸಿನೀರಿನ ಶಾಖ ಕೊಟ್ಟುಕೋ. ನಾನು ಚೆನ್ನಾಗಿದ್ದೇನೆ. ಮಗಳ ವಿಷಯ ಫೋನಿನಲ್ಲಿ ಹೇಳಲು ನಾಲಿಗೆ ಏಳಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಗಾಬರಿಯಾಗಬೇಡ, ಗುಬ್ಬಿಯ ಜೀವಕ್ಕೇನೂ ಅಪಾಯವಿಲ್ಲವಂತೆ.

ಅವಳ ಎಡಗಡೆಯ ಮೂಗು ಕಟ್ಟಿತ್ತು. ನೆಗಡಿ ಎಂದುಕೊಂಡೆ. ಔಷಧಿ ತಗೊಂಡರೆ ಏಳು ದಿನ, ಇಲ್ಲದಿದ್ದರೆ ಒಂದು ವಾರ ಎಂದು ನೀನೇ ನಗುತ್ತಿದ್ದೆಯಲ್ಲ. ಹೋದ ತಿಂಗಳು ಶಾಲೆಯಲ್ಲಿ ಮೂಗಿನಿಂದ ರಕ್ತ ಬಂದು ಸಮವಸ್ತ್ರವೆಲ್ಲ ನೆನೆಯಿತು. ಮೂಗಿನ ಡಾಕ್ಟರಮ್ಮ ತೆಳ್ಳನೆಯ ಕೊಳವೆಯ ಕ್ಯಾಮರಾ ಒಳಗೆ ಬಿಟ್ಟು ಪರದೆಯ ಮೇಲೆ ತೋರಿಸಿದರು. ದ್ರಾಕ್ಷಿ ಗಾತ್ರದ ಗಡ್ಡೆ. ಸ್ಕ್ಯಾನಿನಲ್ಲಿ ನೋಡಿದರೆ ಕೆನ್ನೆಯ ಮೂಳೆಯ ಒಳಗಿನ ಪೊಳ್ಳಿನವರೆಗೂ ಹೋಗಿತ್ತು. ಎಷ್ಟು ದಿನದಿಂದ ಹೀಗೆ ಎಂದು ಕೇಳಿದರು. ಎರಡು ತಿಂಗಳು ಎಂದೆ. ಅವರು ಪೆನ್ನು ಕೆಳಗಿಟ್ಟರು. "ಎರಡೇ ತಿಂಗಳಲ್ಲಿ ಇಷ್ಟು ಬೆಳೆದಿದ್ರೆ ನಂಗೆ ಭಯ ಆಗುತ್ತೆ. ಮತ್ತಿನ ಔಷಧಿ ಕೊಟ್ಟು ಮಲಗಿಸಿ, ಒಂದು ಚೂರು ತೆಗೆದು ಪರೀಕ್ಷೆಗೆ ಕಳಿಸೋಣ" ಎಂದರು.

ಒಂಬತ್ತು ದಿನ ಕಾದೆವು. ನಾನು ಒಂದು ಅಂಗಿಗೆ ಎರಡೂ ಎಡತೋಳನ್ನೇ ಹೊಲಿದೆ. ಗಿರಾಕಿ ಬೈದದ್ದು ಕಿವಿಗೇ ಬೀಳಲಿಲ್ಲ. ಗುಬ್ಬಿ ಪಕ್ಕದಲ್ಲಿ ಕೂತು ಗುಂಡಿಗಳನ್ನು ಬಣ್ಣ ನೋಡಿ ಬೇರೆ ಮಾಡುತ್ತಿದ್ದಳು.

ನಿನ್ನೆ ವರದಿ ಬಂತು. ಅಪರೂಪದ್ದು, ಆದರೆ ಕ್ಯಾನ್ಸರ್ ಅಲ್ಲ. ನಿಧಾನವಾಗಿ ಬೆಳೆಯುವ ಜಾತಿ. ಮೂಗಿನ ಮೂಲಕವೇ ತೆಗೆಯುತ್ತಾರೆ, ಮುಖದ ಮೇಲೆ ಹೊಲಿಗೆ ಬೀಳುವುದಿಲ್ಲ. ಮತ್ತೆ ಚಿಗುರಬಹುದು ಎಂದು ಕೆಲವು ವರ್ಷ ತೋರಿಸುತ್ತಿರಬೇಕು. ಆದರೆ ಎರಡು ತಿಂಗಳೆಂಬ ಮಾತಿಗೂ ವರದಿಗೂ ತಾಳೆಯಾಗುತ್ತಿಲ್ಲವಂತೆ, ಅದಕ್ಕೇ ಶುಕ್ರವಾರ ಅವಳನ್ನು ಮತ್ತೆ ಮಲಗಿಸಿ ಇನ್ನೊಂದು ಚೂರು ತೆಗೆಯುತ್ತಾರೆ. ಹೋದ ಜೀವ ಬಂತು ಎನ್ನುತ್ತಾರಲ್ಲ, ನನಗೆ ಏನೂ ಬರಲಿಲ್ಲ. ವರದಿ ಮಡಿಸಿ ಜೇಬಿಗಿಟ್ಟು, ಅವಳಿಗೆ ಬಾಳೆಹಣ್ಣು ಕೊಡಿಸಿ ಮನೆಗೆ ಬಂದೆ.

ಮಾವನವರಿಗೆ ನನ್ನ ನಮಸ್ಕಾರ ಹೇಳು. ಅವರ ಚಾಕರಿಯಲ್ಲಿ ನೀನು ಊಟ ಬಿಡಬೇಡ.

ನಿನ್ನ,
ದರ್ಜಿ

ತಾ.ಕ.: ಅಂಚೆಯವನು ಬರುವ ಹೊತ್ತಾಯಿತು. ಎರಡು ತಿಂಗಳಲ್ಲ. ನೀನು ತವರಿಗೆ ಹೊರಟ ಮರುವಾರದಿಂದಲೇ ಅವಳ ಮೂಗು ಕಟ್ಟಿತ್ತು, ಎಂಟು ತಿಂಗಳಾಯಿತು. ಬಾಯಿ ತೆರೆದು ಮಲಗುತ್ತಾಳೆಂದು ಗದರಿ, ಬಾಯಿ ಮುಚ್ಚಿರಲೆಂದು ಗದ್ದಕ್ಕೆ ಕಟ್ಟಲು ಬಟ್ಟೆಯ ಪಟ್ಟಿ ಹೊಲಿದುಕೊಟ್ಟವನು ನಾನೇ. ಅಳತೆ ತೆಗೆದು ಹೊಲಿದೆ. ಅವಳು ನಾಲ್ಕು ತಿಂಗಳು ಕಟ್ಟಿಕೊಂಡು ಮಲಗಿದಳು. ನಾಚಿಕೆಯಾಗಿ ಡಾಕ್ಟರಮ್ಮನಿಗೆ ಸುಳ್ಳು ಹೇಳಿದೆ, ನಾಳೆ ಬೆಳಿಗ್ಗೆ ಹೋಗಿ ನಿಜ ಹೇಳುತ್ತೇನೆ. ಅವರು ಅವತ್ತು ಗುಬ್ಬಿಯನ್ನೂ ಕೇಳಿದ್ದರು. ಅವಳು ನನ್ನ ಮುಖ ನೋಡಿ, "ಹೌದು, ಎರಡೇ ತಿಂಗಳು" ಅಂದಳು.