ಗೇಟು ತೆರೆದುಕೊಂಡಿತು

೧೨ ನವೆಂಬರ್ ೧೯೮೭, ಗುರುವಾರ

ಆ ಗೇಟು ಸದ್ದಿಲ್ಲದೆ ಮೇಲೆದ್ದದ್ದು ಇನ್ನೂ ಕಣ್ಣ ಮುಂದಿದೆ.

ರೈಲ್ವೆ ಗೇಟಿಗೆಂದು ನಾವು ಬರೆಯುತ್ತಿರುವ ಕಂಪ್ಯೂಟರ್ ಪ್ರೋಗ್ರಾಮಿನ ಪ್ರತಿ ತುಣುಕಿಗೂ ಅದು ಯಾವ ನಿಯಮಕ್ಕಾಗಿ ಇದೆ ಎಂಬ ನಂಬರು ಇರಬೇಕು. ನಿಯಮಗಳ ನಂಬರುಗಳು ಬದಲಾದವು, ಪ್ರೋಗ್ರಾಮಿನಲ್ಲಿ ಹಳೆಯವೇ ಉಳಿದವು. ಹಾಗಾಗಿ ಒಂದು ತುಣುಕು ಯಾವ ನಿಯಮಕ್ಕೂ ಸೇರದಂತೆ ಕಂಡಿತು.

"ಇದಕ್ಕೆ ನಿಯಮಾನೇ ಇಲ್ವಲ್ಲ ಸಬೀರಾ, ತೆಗ್ದುಬಿಡಮ್ಮ," ಎಂದರು ಮೇಲಧಿಕಾರಿ ಶ್ರೀಕಂಠಯ್ಯ. ತೆಗೆದೆ.

ಮಧ್ಯಾಹ್ನ ಮೇಜಿನ ಮೇಲಿನ ಪುಟ್ಟ ಹಳಿ, ಆಟಿಕೆ ರೈಲು, ಗೇಟುಗಳಲ್ಲಿ ಪರೀಕ್ಷೆ. ಮೊದಲ ರೈಲು ದಾಟಿತು. ಎದುರಿನಿಂದ ಇನ್ನೊಂದು ಬರುತ್ತಿರುವಾಗಲೇ ಗೇಟು ತೆರೆದುಕೊಂಡಿತು, ಯಾರನ್ನೋ ಒಳಗೆ ಕರೆಯುವಂತೆ. ಎರಡನೆಯ ರೈಲಿಗಾಗಿ ಕಾಯುವುದೇ ಆ ತುಣುಕಿನ ಕೆಲಸವಾಗಿತ್ತು.

"ಮೇಡಂ, ಪರದೆ ಮೇಲೆ ಎಲ್ಲಾ ಸರಿ ಅಂತಾನೇ ಬರ್ತಿದೆ ಕಣ್ರೀ," ಎಂದ ಜೊತೆಗೆ ಕೆಲಸ ಮಾಡುವ ನಜೀರ್.

ತುಣುಕನ್ನು ಮರಳಿ ಸೇರಿಸಿ, ಒಂದೊಂದೇ ನಂಬರನ್ನು ಕೂತು ಸರಿಪಡಿಸಿದೆವು.

ಮುಸ್ಸಂಜೆ ಮನೆಗೆ ಬರುವಾಗ ಯಶವಂತಪುರದ ಗೇಟಿನಲ್ಲಿ ರೈಲೊಂದು ಹೋಯಿತು. ಗೇಟು ತೆರೆಯಿತು, ಜನ ದಾಟಿದರು. ನಾನು ಮಾತ್ರ ನಿಂತೇ ಇದ್ದೆ.

"ಓಗಮ್ಮ, ಯಾವ್ ರೈಲೂ ಇಲ್ಲ," ಎಂದ ಗೇಟ್‌ಮನ್ ಚಿಕ್ಕಬೈರಪ್ಪ.

ಹಳಿ ಎರಡೂ ಕಡೆ ಖಾಲಿಯಿತ್ತು. ಆದರೂ ಕಾಲು ಏಳಲಿಲ್ಲ. ಆ ಕತ್ತಲಲ್ಲಿ ಏನೋ ಬರುತ್ತಿದೆ ಎಂದೇ ನನಗೆ ಅನ್ನಿಸುತ್ತಿತ್ತು.